ಸಂಶೋಧನ ಪದವಿಯ ಆಯ್ಕೆ

ಪ್ರತಿವರ್ಷವೂ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರೋ ಮೂವರೋ ಬಂದು, "ಗುರುಗಳೇ, ಎಂ.ಎ. ಮುಗಿಯಿತು, ಪಿಎಚ್.ಡಿ.ಗೆ ಸೇರಬೇಕೆಂದಿದ್ದೇನೆ. ಯಾವ ವಿಶ್ವವಿದ್ಯಾಲಯ ಒಳ್ಳೆಯದು?" ಎಂದು ಕೇಳುವುದು ರೂಢಿಯಾಗಿದೆ. ಕೇಳುವವರು ಬಹುಮಟ್ಟಿಗೆ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಮೊದಲು ಹತ್ತಿದವರು. ತಂದೆಗೆ ನಾಲ್ಕೆಕರೆ ಬೆದ್ದಲು ಭೂಮಿ, ಮನೆಯಲ್ಲಿ ಓದುತ್ತಿರುವ ತಮ್ಮ, ಮದುವೆಗೆ ಬೆಳೆದ ತಂಗಿ. ಇಂಥ ತರುಣನು ತನ್ನ ವಯಸ್ಸಿನ ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತರವರೆಗಿನ ಕಾಲವನ್ನು ಒಂದು ಪದವಿಗೆ ಒತ್ತೆಯಿಡಲು ಹೊರಟಿರುತ್ತಾನೆ. ಆ ಒತ್ತೆ ಫಲಿಸಿದರೆ ಒಬ್ಬ ವಿದ್ವಾಂಸನು ನಾಡಿಗೆ ದೊರೆಯುತ್ತಾನೆ. ಫಲಿಸದಿದ್ದರೆ ಒಂದು ಸಂಸಾರದ ಆರು ವರ್ಷ ನೀರಿನಲ್ಲಿ ಹೋಮವಾಗುತ್ತದೆ. ಆದುದರಿಂದ ಈ ಪ್ರಶ್ನೆಗೆ ಊರಿನ ಹೆಸರೊಂದನ್ನು ಹೇಳಿ ಕಳುಹಿಸುವುದು ನ್ಯಾಯವಲ್ಲ. ಮಕ್ಕಳು ಮೊದಲು ಕೇಳುವುದು ತಮ್ಮ ಶಾಲೆಯ ಗುರುಗಳನ್ನೇ ಆದ ಕಾರಣ, ಈ ವಿಷಯವನ್ನು ಅಧ್ಯಾಪಕ ಬಂಧುಗಳ ಮುಂದೆಯೂ ಇಡುವುದು ಉಚಿತವೆಂದು ಭಾವಿಸಿದ್ದೇನೆ. ನಾನು ಬಲ್ಲ ಕ್ಷೇತ್ರ ಕನ್ನಡವಾದುದರಿಂದ ಉದಾಹರಣೆಗಳೆಲ್ಲ ಕನ್ನಡ ಸಂಶೋಧನೆಯವೇ.

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿಯೇ ನಾಲ್ಕು ಸಂಗತಿಗಳನ್ನು ಸ್ಪಷ್ಟಪಡಿಸುತ್ತಿದ್ದರು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಈ ಗ್ರಂಥವು ಯಾವುದನ್ನು ಕುರಿತದ್ದು, ಇದರಿಂದ ಏನು ಲಭ್ಯ, ಗ್ರಂಥಕ್ಕೂ ವಿಷಯಕ್ಕೂ ಏನು ನಂಟು, ಇದನ್ನು ಓದಲು ಯಾರು ಅರ್ಹರು ಎಂಬಿವನ್ನು ತಿಳಿಯದೆ ಬುದ್ಧಿವಂತನಾದವನು ಓದಿಗೆ ತೊಡಗನೆಂಬುದು ಅವರ ಆಶಯ. ಸಂಶೋಧನ ಪದವಿಗೆ ತೊಡಗುವವನೂ ಈ ನಾಲ್ಕನ್ನು ತನ್ನಲ್ಲಿ ತಾನೇ ಕೇಳಿಕೊಳ್ಳಬೇಕು. ವಿಶ್ವವಿದ್ಯಾಲಯದ ಹೆಸರು ಇವುಗಳಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಅದು ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ತಾನಾಗಿ ಗೊತ್ತಾಗುವ ಸಂಗತಿ.

ಮೊದಲು ಇಂದಿನ ಕಟ್ಟಳೆಗಳನ್ನು ಸಂಕ್ಷೇಪವಾಗಿ ಅರಿಯೋಣ. ಹಿಂದೆ ಎಂ.ಎ. ಆದ ಮೇಲೆ ಎಂ.ಫಿಲ್. ಎಂಬ ಒಂದು ಚಿಕ್ಕ ಮೆಟ್ಟಿಲಿತ್ತು. ಒಂದೆರಡು ವರ್ಷ ಅಲ್ಲಿ ಕೈಪಳಗಿಸಿಕೊಂಡು, ತನಗೆ ಸಂಶೋಧನೆ ಒಗ್ಗುವುದೋ ಇಲ್ಲವೋ ಎಂದು ನೋಡಿಕೊಂಡು ಮುಂದುವರಿಯಬಹುದಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯಿಂದ ಆ ಪದವಿ ನಿಂತುಹೋಯಿತು. ಇದು ಒಳ್ಳೆಯದಾಯಿತೆಂದು ನನಗೆ ಅನ್ನಿಸಿಲ್ಲ. ಆಳ ನೋಡುವ ಮೆಟ್ಟಿಲನ್ನು ತೆಗೆದು ನೇರವಾಗಿ ಮಡುವಿಗೆ ಇಳಿಯೆಂದಂತೆ ಆಗಿದೆ. ಅದೇ ನಿಯಮಾವಳಿಯು ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರಿಗೆ ಎಂ.ಎ. ಇಲ್ಲದೆಯೂ ಪಿಎಚ್.ಡಿ. ಬಾಗಿಲನ್ನು ತೆರೆದಿದೆ. ಆದರೆ ಕರ್ನಾಟಕದಲ್ಲಿ 2021–22ರಲ್ಲಿ ಆರಂಭವಾಗಿದ್ದ ನಾಲ್ಕು ವರ್ಷದ ಕ್ರಮವನ್ನು 2024–25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದುದರಿಂದ, ನಮ್ಮ ಮಕ್ಕಳಿಗೆ ಎಂ.ಎ.ಯೇ ರಾಜಮಾರ್ಗ. ಅದರಲ್ಲಿ ಶೇಕಡಾ 55 ಅಂಕಗಳಿರಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರು ಮೊದಲಾದವರಿಗೆ ಐದು ಅಂಕಗಳ ಸಡಿಲಿಕೆಯುಂಟು. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಅನಿವಾರ್ಯವಾದರೆ ಇನ್ನೆರಡು. ಆರಂಭದಲ್ಲಿ ಕನಿಷ್ಠ 12 ಕ್ರೆಡಿಟ್ಟುಗಳ ಕೋರ್ಸ್ ವರ್ಕ್ ಎಂಬ ಪಾಠಕ್ರಮವನ್ನು ಪೂರೈಸಿ, ಕೊನೆಗೆ ಮಹಾಪ್ರಬಂಧವನ್ನು ಒಪ್ಪಿಸಿದರೆ, ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರಾದರೂ ವಿದ್ವಾಂಸರು ಅದನ್ನು ಪರಿಶೀಲಿಸುತ್ತಾರೆ. ಬಹಿರಂಗವಾಗಿ ಮೌಖಿಕ ಪರೀಕ್ಷೆಯೂ ನಡೆಯುತ್ತದೆ.

ಇನ್ನು ಪ್ರಯೋಜನದ ಮಾತು. "ಪಿಎಚ್.ಡಿ. ಆದರೆ ಕೆಲಸ ಸಿಗುತ್ತದೆ" ಎಂಬ ನಂಬಿಕೆ ಹಳ್ಳಿಹಳ್ಳಿಗಳಲ್ಲಿ ಬೇರೂರಿದೆ. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಈ ಪದವಿಯನ್ನು ಕಡ್ಡಾಯ ಮಾಡುವ ನಿರ್ಣಯವೊಂದು 2018ರಲ್ಲಿ ಆಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಆದರೆ 2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆ ಕಡ್ಡಾಯ ಹೋಗಿ, ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ತೇರ್ಗಡೆಯೇ ಕನಿಷ್ಠ ಅರ್ಹತೆಯಾಯಿತು. ಈ ಸುದ್ದಿ ಇನ್ನೂ ಎಲ್ಲರ ಕಿವಿಗೂ ಬಿದ್ದಂತಿಲ್ಲ. ಆದುದರಿಂದ ಕಾಲೇಜಿನ ಅಧ್ಯಾಪಕನಾಗುವುದಷ್ಟೇ ಗುರಿಯಾದವನು ಮೊದಲು ಆ ಪರೀಕ್ಷೆಗಳನ್ನು ಮುಗಿಸಿಕೊಳ್ಳಲಿ. ಪ್ರೌಢಶಾಲೆಯಲ್ಲಿ ಪಾಠ ಹೇಳಬಯಸುವವನು ಬಿ.ಎಡ್. ಮಾಡಲಿ. ಇದರಲ್ಲಿ ಯಾವ ಕೀಳೂ ಇಲ್ಲ. ನೌಕರಿಗಾಗಿ ಸಂಶೋಧನೆಗೆ ಇಳಿದವನ ಪ್ರಬಂಧವನ್ನು ಎರಡು ಪುಟ ಓದಿದೊಡನೆಯೇ ಬರೆದವನಿಗೇ ಅದರಲ್ಲಿ ಆಸಕ್ತಿಯಿರಲಿಲ್ಲವೆಂಬುದು ತಿಳಿದುಬಿಡುತ್ತದೆ.

ಪದವಿಯು ಕೃತಿಯನ್ನು ಹಿಂಬಾಲಿಸಿದ ನಿದರ್ಶನಗಳೂ ನಮ್ಮಲ್ಲುಂಟು. ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ಅಚ್ಚಾದುದು 1894ರಲ್ಲಿ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಗೌರವವನ್ನಿತ್ತುದು 1896ರಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, 1925ರಲ್ಲಿ ಸ್ವಂತ ಮುದ್ರಣಾಲಯವನ್ನೂ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದಾಗ ಯಾವ ವಿಶ್ವವಿದ್ಯಾಲಯವೂ ಅವರಿಗೆ ವಿಷಯವನ್ನು ಗೊತ್ತುಪಡಿಸಿಕೊಟ್ಟಿರಲಿಲ್ಲ. ಹಾಗೆಂದು ಪದವಿ ನಿರರ್ಥಕವೆಂದು ನಾನು ಹೇಳುವವನಲ್ಲ. ಅವರಿಗೆ ವಕೀಲಿಯ ಅನ್ನವಿತ್ತು. ಇಂದಿನ ಬಡ ವಿದ್ಯಾರ್ಥಿಗೆ ಗ್ರಂಥಾಲಯದ ಪ್ರವೇಶ, ಶಿಷ್ಯವೇತನ, ತಿದ್ದಿ ಹೇಳುವ ಹಿರಿಯರು, ಇವೆಲ್ಲ ದೊರೆಯುವುದು ಪದವಿಯ ನೆಪದಿಂದಲೇ.

ವಿಷಯವೆಂಬುದು ನಾಲ್ಕರಲ್ಲಿ ಅತ್ಯಂತ ಕಠಿಣವಾದುದು. ನನ್ನ ಬಳಿಗೆ ಬರುವವರು ಸಾಮಾನ್ಯವಾಗಿ "ಹರಿಹರನ ರಗಳೆಗಳು: ಒಂದು ಅಧ್ಯಯನ" ಎಂಬಂಥ ಶೀರ್ಷಿಕೆಯೊಡನೆ ಬರುತ್ತಾರೆ. ಇದು ವಿಷಯವಲ್ಲ, ಗ್ರಂಥದ ಹೆಸರು. ಇಂಥ ಪ್ರಬಂಧದಲ್ಲಿ ಕವಿಯ ಕಾಲದೇಶಗಳು ಒಂದು ಅಧ್ಯಾಯ, ಕಥಾಸಾರ ಒಂದು ಅಧ್ಯಾಯ, ಪಾತ್ರಚಿತ್ರಣ ಒಂದು, ವರ್ಣನೆಗಳು ಒಂದು, ಹೀಗೆ ಹಿಂದಿನವರು ಹೇಳಿದ್ದು ಮತ್ತೊಮ್ಮೆ ಬೆರಳಚ್ಚಾಗುತ್ತದೆ. ಅದೇ ವಿದ್ಯಾರ್ಥಿಯು, "ಬಸವರಾಜದೇವರ ರಗಳೆಯಲ್ಲಿ ಪದ್ಯಸ್ಥಲವೂ ಗದ್ಯಸ್ಥಲವೂ ಒಂದರ ಹಿಂದೊಂದು ಬರುತ್ತವೆ, ಒಬ್ಬನೇ ಕವಿ, ಒಂದೇ ಕಥೆ, ಆದರೂ ಗದ್ಯದ ಕ್ರಿಯಾರೂಪಗಳು ಪದ್ಯದವುಗಳಂತೆಯೇ ಇವೆಯೇ? ಇಲ್ಲದಿದ್ದರೆ ಆಡುಮಾತು ಎಲ್ಲಿ ನುಸುಳಿದೆ?" ಎಂದು ಕೇಳಿದನೆಂದರೆ ಆಗ ವಿಷಯ ಹುಟ್ಟಿತು. ಉತ್ತರ ಹೌದಾದರೂ ಇಲ್ಲವಾದರೂ ನಮಗೆ ಹೊಸದೊಂದು ತಿಳಿಯುತ್ತದೆ. ತರ್ಕಶಾಸ್ತ್ರದಲ್ಲಿ ಸಂಶಯವಿಲ್ಲದೆ ವಿಚಾರವಿಲ್ಲವೆಂದು ನಾವು ಓದಿದೆವು. ಸಂಶಯವೇ ಇಲ್ಲದ ಕಡೆ ಪೂರ್ವಪಕ್ಷವಿಲ್ಲ, ಪೂರ್ವಪಕ್ಷವಿಲ್ಲದ ಕಡೆ ಸಿದ್ಧಾಂತವಿಲ್ಲ.

ದೊಡ್ಡವರು ಹೇಗೆ ಕೇಳಿದರೆಂಬುದನ್ನು ನೋಡಿ ಕಲಿಯಬೇಕು. ಬಿ. ಎಲ್. ರೈಸ್ ಅವರು 1886ರಿಂದ 1905ರ ಅವಧಿಯಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಮೈಸೂರು ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಬಹುಕಾಲ ಆ ಶಾಸನಗಳನ್ನು ವಿದ್ವಾಂಸರು ಹೆಚ್ಚಾಗಿ ಬಳಸಿದುದು ಅರಸರ ವಂಶಾವಳಿಗೆ, ಯುದ್ಧಗಳ ತೇದಿಗೆ, ಕವಿಗಳ ಕಾಲನಿರ್ಣಯಕ್ಕೆ. ಎಂ. ಚಿದಾನಂದಮೂರ್ತಿಯವರು ಅವೇ ಕಲ್ಲುಗಳ ಮುಂದೆ ನಿಂತು ಬೇರೆ ಪ್ರಶ್ನೆ ಕೇಳಿದರು: ಈ ಶಾಸನಗಳನ್ನು ಹಾಕಿಸಿದ ಕಾಲದ ಜನ ಹೇಗೆ ಬದುಕಿದ್ದರು, ಏನನ್ನು ನಂಬಿದ್ದರು, ಹೇಗೆ ಕಲಿಯುತ್ತಿದ್ದರು, ಯಾತಕ್ಕಾಗಿ ಪ್ರಾಣ ಕೊಡುತ್ತಿದ್ದರು? ಕ್ರಿ.ಶ. 450ರಿಂದ 1150ರವರೆಗೆಂದು ಎಲ್ಲೆಯನ್ನೂ ಹಾಕಿಕೊಂಡರು. ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವು ಪಿಎಚ್.ಡಿ. ಪ್ರಬಂಧವಾಗಿ ಹುಟ್ಟಿ 1966ರಲ್ಲಿ ಗ್ರಂಥವಾಗಿ ಬಂದಿತು. ಇಂದಿಗೂ ಅದನ್ನು ಮುಟ್ಟದೆ ಆ ಕ್ಷೇತ್ರದಲ್ಲಿ ಹೆಜ್ಜೆಯಿಡಲಾಗದು. ಹೊಸ ಶಾಸನವೊಂದನ್ನು ಹುಡುಕುವುದಷ್ಟೇ ಸಂಶೋಧನೆಯಲ್ಲ, ಹಳೆಯ ಶಾಸನಕ್ಕೆ ಹೊಸ ಪ್ರಶ್ನೆಯೂ ಸಂಶೋಧನೆಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಎಂ. ಎಂ. ಕಲಬುರ್ಗಿಯವರ ಪ್ರಬಂಧದ ಹೆಸರು 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ'. ಇಲ್ಲಿ 'ಪರಿಸರ' ಎಂಬ ಒಂದು ಮಾತಿನಲ್ಲಿ ಇಡೀ ಯೋಜನೆ ಅಡಗಿದೆ. ಒಂಬತ್ತನೆಯ ಶತಮಾನದ ಆ ಗ್ರಂಥದ ಸುತ್ತಮುತ್ತ ಇದ್ದು ಈಗ ಇಲ್ಲವಾಗಿರುವ ಸಾಹಿತ್ಯವನ್ನು ಅಳಿದುಳಿದ ಕುರುಹುಗಳಿಂದ ಕಟ್ಟಿಕೊಳ್ಳುವ ಸಾಹಸವದು.

ತನ್ನ ಪ್ರಶ್ನೆಯನ್ನು ಬೇರೆಯವರು ಆಗಲೇ ಕೇಳಿ ಉತ್ತರಿಸಿಬಿಟ್ಟಿದ್ದಾರೆಯೇ ಎಂದು ನೋಡುವುದೂ ಅವಶ್ಯ. ಹಿಂದೆ ಇದಕ್ಕಾಗಿ ಊರೂರಿನ ಗ್ರಂಥಾಲಯಗಳಿಗೆ ಅಲೆಯಬೇಕಾಗಿತ್ತು. ಈಗ ಗಾಂಧಿನಗರದಿಂದ ನಡೆಯುವ 'ಶೋಧಗಂಗಾ' ಎಂಬ ವಿದ್ಯುನ್ಮಾನ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳು ಒಪ್ಪಿಸಿದ ಪ್ರಬಂಧಗಳನ್ನು ಮನೆಯಲ್ಲಿ ಕುಳಿತೇ ಓದಬಹುದು. ಅರ್ಜಿ ಹಾಕುವ ಮುನ್ನ ಒಂದು ತಿಂಗಳನ್ನು ಅದಕ್ಕೆ ಮೀಸಲಿಟ್ಟರೆ ಎರಡು ಲಾಭ: ಪುನರುಕ್ತಿ ತಪ್ಪುತ್ತದೆ, ಒಳ್ಳೆಯ ಪ್ರಬಂಧಕ್ಕೂ ಕಾಟಾಚಾರದ ಪ್ರಬಂಧಕ್ಕೂ ಇರುವ ಅಂತರ ಕಣ್ಣಾರೆ ಕಾಣುತ್ತದೆ. ಅಲ್ಲಿ ನೋಡಿದ್ದನ್ನು ಎತ್ತಿ ತನ್ನದರಲ್ಲಿ ಅಂಟಿಸಿಕೊಳ್ಳಬಹುದೆಂದು ಬಗೆಯುವವರಿಗೆ 2018ರ ಕೃತಿಚೌರ್ಯ ನಿಯಮಗಳ ಎಚ್ಚರಿಕೆಯಿರಲಿ. ಪ್ರಬಂಧದಲ್ಲಿ ಪರಕೀಯ ಬರಹದ ಹೋಲಿಕೆ ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ.

ಸಂಬಂಧವೆಂದರೆ ಶಾಸ್ತ್ರದಲ್ಲಿ ಗ್ರಂಥಕ್ಕೂ ವಿಷಯಕ್ಕೂ ಇರುವ ಪ್ರತಿಪಾದಕ–ಪ್ರತಿಪಾದ್ಯ ಭಾವ. ನಾನು ಅದನ್ನು ತುಸು ಹಿಗ್ಗಿಸಿ, ವಿದ್ಯಾರ್ಥಿಯ ಪ್ರಶ್ನೆಗೂ ಮಾರ್ಗದರ್ಶಕರಿಗೂ ಆಕರಗಳಿಗೂ ಇರಬೇಕಾದ ನಂಟು ಎಂದು ಬಳಸುತ್ತೇನೆ. ಪಂಡಿತರು ಕ್ಷಮಿಸಬೇಕು.

ನನ್ನ ಅಭಿಪ್ರಾಯದಲ್ಲಿ ಆಯ್ಕೆಯ ಜೀವಾಳ ಇಲ್ಲಿದೆ. ವಿದ್ಯಾರ್ಥಿಯು ಆರು ವರ್ಷ ಬಾಳುವುದು ವಿಶ್ವವಿದ್ಯಾಲಯದೊಡನೆ ಅಲ್ಲ, ಒಬ್ಬ ಮಾರ್ಗದರ್ಶಕರೊಡನೆ. ನಾನು ಬಲ್ಲ ಒಬ್ಬ ತರುಣ, ಹಳಗನ್ನಡವನ್ನು ನೀರು ಕುಡಿದಂತೆ ಓದುತ್ತಿದ್ದವನು, ಹೆಸರುವಾಸಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಸ್ಥಳ ಸಿಕ್ಕಿತೆಂಬ ಸಂತೋಷದಲ್ಲಿ ಯಾರ ಕೈಕೆಳಗೆಂದು ವಿಚಾರಿಸದೆ ಸೇರಿಕೊಂಡ. ಮಾರ್ಗದರ್ಶಕರದು ಆಧುನಿಕ ಕಾದಂಬರಿಯ ಕ್ಷೇತ್ರ. ಅವರಿಗೆ ಒಪ್ಪುವಂತೆ ವಿಷಯ ಬದಲಾಯಿತು. ಎರಡು ವರ್ಷದ ಮೇಲೆ ಇನ್ನೊಬ್ಬರ ಬಳಿಗೆ ಹೋದಾಗ ಮತ್ತೊಮ್ಮೆ ಬದಲಾಯಿತು. ನಾಲ್ಕನೆಯ ವರ್ಷ ತಂದೆ ಹಾಸಿಗೆ ಹಿಡಿದಾಗ ಅವನು ಊರಿಗೆ ಬಂದವನು ಹಿಂದಿರುಗಲಿಲ್ಲ. ಈಗ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಯಾರದೂ ದುರುದ್ದೇಶವಿರಲಿಲ್ಲ, ಸಂಬಂಧವಿರಲಿಲ್ಲ, ಅಷ್ಟೆ.

ಆದುದರಿಂದ ಮಾರ್ಗದರ್ಶಕರ ವಿಚಾರದಲ್ಲಿ ಸಂಕೋಚ ಬಿಟ್ಟು ವಿಚಾರಿಸಬೇಕು. ಕಳೆದ ಹತ್ತು ವರ್ಷಗಳಲ್ಲಿ ಅವರು ಏನು ಬರೆದಿದ್ದಾರೆ? ಅವರ ಶಿಷ್ಯರಲ್ಲಿ ಎಷ್ಟು ಮಂದಿ ಪ್ರಬಂಧ ಒಪ್ಪಿಸಿದ್ದಾರೆ, ಎಷ್ಟು ವರ್ಷಗಳಲ್ಲಿ? ನಿಯಮದಂತೆ ಒಂದು ಕಾಲಕ್ಕೆ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಇದನ್ನು ತಿಳಿಯದೆ ಹಿರಿಯ ವಿದ್ವಾಂಸರ ಹೆಸರನ್ನೇ ನೆಚ್ಚಿ ಹೋಗಿ ನಿರಾಶರಾದವರಿದ್ದಾರೆ. ಅರ್ಜಿಗೆ ಮೊದಲು ಅವರನ್ನು ಒಮ್ಮೆ ಕಂಡು, ತನ್ನ ಪ್ರಶ್ನೆಯನ್ನು ಹತ್ತು ವಾಕ್ಯಗಳಲ್ಲಿ ಹೇಳಿ, ಅವರೇನನ್ನುತ್ತಾರೆಂದು ಕೇಳಬೇಕು. ಎದುರು ಪ್ರಶ್ನೆ ಹಾಕಿದವರು ಒಳ್ಳೆಯ ಗುರುಗಳು. "ಆಗಲಿ, ಮಾಡು" ಎಂದಷ್ಟೇ ಅಂದವರ ಬಗೆಗೆ ನನಗೆ ಅನುಮಾನ.

ಆಕರಗಳ ಮಾತೂ ಹೀಗೆಯೇ. ಹಸ್ತಪ್ರತಿಗಳನ್ನು ಆಧರಿಸಿದ ಕೆಲಸವಾದರೆ ಮೈಸೂರು, ಧಾರವಾಡ, ಹಂಪಿಗಳ ಹಸ್ತಪ್ರತಿ ಭಂಡಾರಗಳಲ್ಲಿ ಒಂದು ಕೈಗೆಟಕುವಂತಿರಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಆರಂಭವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಗ್ರಂಥಲಿಪಿಯ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದುದು ಅಲ್ಲಿಯೇ. ಆ ಲಿಪಿಯನ್ನು ಓದಬಲ್ಲ ಕಣ್ಣು ಅವರಿಗಿರದಿದ್ದರೆ ಆ ಕಟ್ಟು ಇನ್ನೆಷ್ಟು ಕಾಲ ಕಪಾಟಿನಲ್ಲಿರುತ್ತಿತ್ತೋ! 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ಮುಖ್ಯ ಧ್ಯೇಯವಾಗಿ ಇಟ್ಟುಕೊಂಡುದು. ಇತಿಹಾಸ, ಪುರಾತತ್ತ್ವ, ಬುಡಕಟ್ಟು ಅಧ್ಯಯನ ಮುಂತಾದ ವಿಷಯಗಳ ಪ್ರಬಂಧವನ್ನೂ ಕನ್ನಡದಲ್ಲಿ ಬರೆಯಬಯಸುವವರಿಗೆ ಅದು ಸಹಜ ನೆಲೆ. ಜನಪದ ಕಥನಗಳನ್ನು ಸಂಗ್ರಹಿಸುವವನಿಗೆ ಮಾತ್ರ ಗ್ರಂಥಾಲಯಕ್ಕಿಂತ ತನ್ನ ಊರಿನ ಸಾಮೀಪ್ಯವೇ ಹೆಚ್ಚು ಪ್ರಯೋಜನಕಾರಿ.

ಅಧಿಕಾರಿ ಯಾರು? ಪ್ರವೇಶಪರೀಕ್ಷೆ ಇದನ್ನು ನಿರ್ಣಯಿಸುತ್ತದೆಂದು ತಿಳಿಯಲಾಗಿದೆ. 2024ರ ಜೂನ್‌ನಿಂದ ನೆಟ್ ಪರೀಕ್ಷೆಯ ಅಂಕಗಳೇ ಪಿಎಚ್.ಡಿ. ಪ್ರವೇಶಕ್ಕೂ ಸಲ್ಲುತ್ತವೆ. ಶಿಷ್ಯವೇತನಕ್ಕೆ ಆಯ್ಕೆಯಾಗದೆ ಪ್ರವೇಶಕ್ಕೆ ಮಾತ್ರ ಅರ್ಹರಾದವರಿಗೆ ಪರೀಕ್ಷೆಯ ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30 ತೂಕ. ಆ ಅಂಕಗಳು ಒಂದು ವರ್ಷ ಮಾತ್ರ ಊರ್ಜಿತ. 150 ಪ್ರಶ್ನೆಗಳಿಗೆ ನಾಲ್ಕರಲ್ಲೊಂದು ಉತ್ತರವನ್ನು ಗುರುತಿಸುವ ಪರೀಕ್ಷೆಯಿಂದ ಸ್ಮರಣಶಕ್ತಿ ತಿಳಿಯಬಹುದು, ವಿವೇಚನಶಕ್ತಿ ತಿಳಿಯದು. ನಾವು ವಿದ್ವತ್ತಿಗೆ ಓದುವಾಗ ಒಂದು ಗ್ರಂಥವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗುರುಮುಖದಿಂದ ಪದಶಃ ಓದಬೇಕಾಗಿತ್ತು. ಆ ಪದ್ಧತಿಯ ಕೊರತೆಯನ್ನೂ ಬಲ್ಲೆ: ವ್ಯಾಖ್ಯಾನಕಾರನು ಹೇಳಿದ್ದನ್ನು ಮೀರಿ ಕೇಳುವ ಧೈರ್ಯ ಅಲ್ಲಿ ಬೆಳೆಯುತ್ತಿರಲಿಲ್ಲ. ಇಂದಿನವರಿಗೆ ಧೈರ್ಯವಿದೆ, ಆದರೆ ಮೂಲವನ್ನು ಓದುವ ತಾಳ್ಮೆ ಕಡಿಮೆ. ಪಂಪನ ಬಗೆಗೆ ನಾಲ್ಕು ವಿಮರ್ಶೆಗಳನ್ನು ಓದಿರುತ್ತಾರೆ, ಪಂಪನ ಒಂದು ಆಶ್ವಾಸವನ್ನು ಓದಿರುವುದಿಲ್ಲ. ಹಳಗನ್ನಡ ವ್ಯಾಕರಣ, ಓಲೆಯ ಲಿಪಿಯ ಪರಿಚಯ, ಸಂಸ್ಕೃತದ ಬಳಕೆಯಷ್ಟು ಜ್ಞಾನ, ಇಂಗ್ಲಿಷಿನಲ್ಲಿ ಬಂದ ಸಂಶೋಧನ ಲೇಖನವನ್ನು ಓದಿ ಗ್ರಹಿಸುವ ಶಕ್ತಿ: ಇಷ್ಟನ್ನು ಎಂ.ಎ. ತರಗತಿಯಲ್ಲಿರುವಾಗಲೇ ಸಂಪಾದಿಸಿಕೊಂಡವನು ಅಧಿಕಾರಿ. ಪಾಠನಿರ್ಣಯದ ಕ್ರಮವನ್ನು ಕಲಿಯಲು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಇಂದಿಗೂ ಸಾಕು.

ಅನ್ನದ ಪ್ರಶ್ನೆಯನ್ನು ಶಾಸ್ತ್ರಕಾರರು ನಾಲ್ಕರಲ್ಲಿ ಸೇರಿಸಲಿಲ್ಲ. ಅವರ ಕಾಲಕ್ಕೆ ಗುರುಕುಲವಿತ್ತು. ನೆಟ್ ಪರೀಕ್ಷೆಯ ಮೇಲಿನ ಶ್ರೇಣಿಯಲ್ಲಿ ತೇರ್ಗಡೆಯಾಗಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆ ಮೇಲೆ 42,000 ರೂಪಾಯಿ ನಿಗದಿಯಾಗಿದೆ. ಒಟ್ಟು ಅವಧಿ ಐದು ವರ್ಷ. ಇದಕ್ಕೆ ವಯಸ್ಸಿನ ಮಿತಿ 30. ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷದ ರಿಯಾಯಿತಿಯುಂಟು. ಪರಿಶಿಷ್ಟರಿಗೂ ಹಿಂದುಳಿದವರಿಗೂ ಕೇಂದ್ರದ ಪ್ರತ್ಯೇಕ ಶಿಷ್ಯವೇತನಗಳಿವೆ. ಇವುಗಳಲ್ಲಿ ಯಾವುದೂ ಇಲ್ಲದೆ, ಪೂರ್ಣಕಾಲದ ವಿದ್ಯಾರ್ಥಿಯಾಗಿ ಸೇರುವ ಬಡವರ ಮಗನಿಗೆ ನಾನು "ಒಂದು ವರ್ಷ ತಡೆ, ಪರೀಕ್ಷೆಯನ್ನು ಮತ್ತೆ ಬರೆ" ಎಂದೇ ಹೇಳುತ್ತೇನೆ. ಕಟುವಾದರೂ ಇದೇ ಹಿತ. ನೌಕರಿಯಲ್ಲಿರುವ ಅಧ್ಯಾಪಕರು ಸಂಸ್ಥೆಯ ನಿರಾಕ್ಷೇಪಣಾ ಪತ್ರದೊಡನೆ ಅರೆಕಾಲಿಕವಾಗಿ ಸೇರಲು ಅವಕಾಶವಿದೆ. ಅಂಚೆ ತೆರಪಿನ ಪಿಎಚ್.ಡಿ.ಗೆ ಮಾನ್ಯತೆಯಿಲ್ಲ, ಹಣ ಕೇಳುವ ದಳ್ಳಾಳಿಗಳ ಮಾತಿಗೆ ಕಿವಿಗೊಡಬಾರದು.

ಹೆಣ್ಣುಮಕ್ಕಳ ತಂದೆತಾಯಿಯರು ತಿಳಿಯಬೇಕಾದ ಒಂದು ಸಂಗತಿಯುಂಟು. ಸಂಶೋಧನೆಯ ಅವಧಿಯಲ್ಲಿ 240 ದಿನಗಳ ಹೆರಿಗೆ ಮತ್ತು ಶಿಶುಪಾಲನೆಯ ರಜೆಗೂ, ಎಲ್ಲರಿಗೂ ಇರುವ ಎಂಟು ವರ್ಷದ ಮೇಲೆ ಇನ್ನೆರಡು ವರ್ಷದ ವಿಸ್ತರಣೆಗೂ ಅವರಿಗೆ ಅವಕಾಶವಿದೆ. ಮದುವೆಯ ಕಾರಣದಿಂದ ನೋಂದಣಿಯನ್ನು ಬಿಡಿಸುವ ಅಗತ್ಯವಿಲ್ಲ.

ದಾನಿ ಮಹನೀಯರಲ್ಲಿ ಒಂದು ವಿಜ್ಞಾಪನೆ. ಹತ್ತನೆಯ ತರಗತಿಯಲ್ಲಿ ಮೊದಲಿಗರಾದವರಿಗೆ ಬಹುಮಾನ ಕೊಡುವವರು ನಮ್ಮಲ್ಲಿ ಅನೇಕರು. ಸಂಶೋಧನೆಯ ಮೂರನೆಯ ವರ್ಷದಲ್ಲಿರುವವನ ಕಡೆ ನೋಡಿದವರು ವಿರಳ. ಅವನಿಗೆ ಬೇಕಾಗುವುದು ದೊಡ್ಡ ಮೊತ್ತವಲ್ಲ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಎರಡು ತಿಂಗಳು ತಂಗಿ ಹಸ್ತಪ್ರತಿ ನಕಲು ಮಾಡಿಕೊಳ್ಳುವ ವೆಚ್ಚ, ಛಾಯಾಪ್ರತಿಗಳ ವೆಚ್ಚ, ಶಿಷ್ಯವೇತನ ತಡವಾದಾಗ ಊಟದ ಮನೆಯ ಬಾಕಿ. ಈ ಚಿಕ್ಕ ಕೊರತೆಗಳಿಂದಲೇ ಪ್ರಬಂಧಗಳು ಅರ್ಧಕ್ಕೆ ನಿಲ್ಲುತ್ತವೆ. ಇದಕ್ಕಾಗಿ ಶಾಲೆಯ ಹೆಸರಿನಲ್ಲಿ ಒಂದು ಪುಟ್ಟ ನಿಧಿಯನ್ನು ಕಟ್ಟಿ, ಪಡೆದವನು ತನ್ನ ಪ್ರಬಂಧದ ಒಂದು ಪ್ರತಿಯನ್ನು ನಮ್ಮ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕರಾರು ಮಾಡಬಹುದು.

ಅರ್ಜಿಯೊಡನೆ ಸಲ್ಲಿಸುವ ಸಂಶೋಧನ ಪ್ರಸ್ತಾವನೆಯ ಕರಡನ್ನು ತಿದ್ದಿಸಿಕೊಳ್ಳಬಯಸುವ ಹಳೆಯ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ ನನ್ನನ್ನು ಕಾಣಬಹುದು. ಬರುವಾಗ ಪ್ರಸ್ತಾವನೆಯೊಡನೆ ಮೂಲಕೃತಿಯನ್ನೂ ತರತಕ್ಕದ್ದು.